ಒಂದು ಕೆ.ಜಿ. ಹೈಡ್ರೋಜನ್‌ಗೆ ಎಷ್ಟು ಯೂನಿಟ್? ನಾನು ಅಳೆದು ನೋಡಿದ್ದು

ನೀರಿನಿಂದ ಹೈಡ್ರೋಜನ್ ತೆಗೆಯಲು ಎಷ್ಟು ಕರೆಂಟು ಬೇಕು ಅಂತ ಕೇಳುವವರು ಸಾಮಾನ್ಯವಾಗಿ ಆಂಪಿಯರ್ ಬಗ್ಗೆಯೇ ಮಾತಾಡುತ್ತಾರೆ. ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲೆ ಒಂದು ಸಣ್ಣ ಸೆಲ್, ಅಂದರೆ ಕರೆಂಟು ಹರಿಸಿ ನೀರನ್ನು ಒಡೆಯುವ ತೊಟ್ಟಿ, ಕಟ್ಟಿ ಅಳೆದು ನೋಡಿದೆ. ಕಣ್ಣಿಡಬೇಕಾದದ್ದು ವೋಲ್ಟೇಜ್ ಮೇಲೆ.

ಎಷ್ಟು ಹೈಡ್ರೋಜನ್ ಬರುತ್ತದೆ ಅನ್ನೋದು ಆಂಪಿಯರ್ ಲೆಕ್ಕ. ಒಂದು ಕೆ.ಜಿ.ಗೆ ಸುಮಾರು 26,600 ಆಂಪಿಯರ್-ಗಂಟೆ ಬೇಕೇ ಬೇಕು. ಇದು ಫ್ಯಾರಡೆಯ ನಿಯಮ, ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಅಷ್ಟನ್ನೂ ಎಷ್ಟು ವೋಲ್ಟಿನಲ್ಲಿ ಹರಿಸುತ್ತೀರಿ ಅನ್ನೋದರ ಮೇಲೆ ಖರ್ಚು ನಿಂತಿದೆ. ಸೆಲ್ಲಿನ ವೋಲ್ಟೇಜನ್ನು 26.6ರಿಂದ ಗುಣಿಸಿ, ಕೆ.ಜಿ.ಗೆ ಎಷ್ಟು ಯೂನಿಟ್ ಅಂತ ಸಿಕ್ಕಿಬಿಡುತ್ತದೆ. ಹೊರಗಿನ ಶಾಖದ ನೆರವಿಲ್ಲದೆ ನಡೆಯಲು ಕಡಿಮೆ ಅಂದರೂ 1.48 ವೋಲ್ಟ್ ಬೇಕು. ಅಂದರೆ 39.4 ಯೂನಿಟ್. ದೊಡ್ಡ ಘಟಕಗಳಲ್ಲೂ 50ರಿಂದ 55 ಯೂನಿಟ್ ಆಗುತ್ತದೆ.

ನಮ್ಮ ಬೋರ್ ನೀರು ಗಡುಸು. ಅದಕ್ಕೇ ಸೂಪರ್ ಮಾರ್ಕೆಟ್ ಕಡೆಯಿಂದ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ತಂದೆ. ಕರೆಂಟು ಸುಲಭವಾಗಿ ಹರಿಯಲಿ ಅಂತ ಅದಕ್ಕೆ ಕಾಸ್ಟಿಕ್ ಸೋಡಾ ಹಾಕಿದೆ. ಉಪ್ಪು ಮಾತ್ರ ಹಾಕಲೇಬೇಡಿ, ವಿಷದ ಕ್ಲೋರಿನ್ ಬರುತ್ತದೆ. ಎರಡು ನಿಕಲ್ ಪ್ಲೇಟು, ನಡುವೆ ಬಟ್ಟೆಯ ಪರದೆ, ಎರಡೂ ಗ್ಯಾಸಿಗೆ ಬೇರೆ ಬೇರೆ ಪೈಪು.

5 ಆಂಪಿಯರ್ ಇಟ್ಟು ಒಂದು ಗಂಟೆ ಓಡಿಸಿದಾಗ ಮೀಟರ್ 2.3 ವೋಲ್ಟ್ ತೋರಿಸಿತು. ನೀರಲ್ಲಿ ಬೋರಲು ಹಾಕಿದ ಬಾಟಲಿಯಲ್ಲಿ ಸುಮಾರು ಎರಡೂವರೆ ಲೀಟರ್ ಹೈಡ್ರೋಜನ್ ಕೂಡಿತು. ತೂಕದಲ್ಲಿ 0.19 ಗ್ರಾಂ ಅಷ್ಟೇ! ಕೆ.ಜಿ.ಗೆ 61 ಯೂನಿಟ್ ಬಿತ್ತು. ದ್ರಾವಣ ಬಿಸಿಯಾದಷ್ಟೂ ವೋಲ್ಟೇಜ್ ಇಳಿಯುತ್ತದೆ. ನಮ್ಮ ಮೇ ತಿಂಗಳ ಬಿಸಿಲು ಇಲ್ಲಿ ಕೆಲಸಕ್ಕೆ ಬಂತು. ದ್ರಾವಣ ಕಾದ ಮೇಲೆ, ಪ್ಲೇಟುಗಳನ್ನೂ ಹತ್ತಿರ ತಂದ ಮೇಲೆ 2.1 ವೋಲ್ಟಿಗೆ, ಅಂದರೆ 56 ಯೂನಿಟ್ಟಿಗೆ ಇಳಿಯಿತು.

ಎಷ್ಟೋ ಜನ ಒಂದೇ ಸೆಲ್ಲಿಗೆ ನೇರವಾಗಿ 12 ವೋಲ್ಟ್ ಕೊಡುತ್ತಾರೆ. ಗುಳ್ಳೆ ಜೋರಾಗಿ ಬರುತ್ತವೆ ನಿಜ. ಆದರೆ ಕೆ.ಜಿ.ಗೆ 319 ಯೂನಿಟ್ ಆಗುತ್ತದೆ, ಬಹುಪಾಲು ಸುಮ್ನೆ ನೀರು ಕಾಯಿಸಲು ಹೋಗುತ್ತದೆ. ಅದೇ 12 ವೋಲ್ಟಿಗೆ ಆರು ಸೆಲ್ ಸಾಲಾಗಿ ಜೋಡಿಸಿದರೆ ಪ್ರತಿ ಸೆಲ್ಲಿಗೂ 2 ವೋಲ್ಟ್, ಅಷ್ಟೇ ಆಂಪಿಯರ್‌ನಲ್ಲಿ ಆರು ಪಟ್ಟು ಗ್ಯಾಸ್.

ದಯವಿಟ್ಟು ಇದನ್ನು ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ. ಗಾಳಿಯಲ್ಲಿ 4ರಿಂದ 75 ಶೇಕಡಾ ಹೈಡ್ರೋಜನ್ ಇದ್ದರೆ ಒಂದು ಕಿಡಿ ಸಾಕು. ಕಾಸ್ಟಿಕ್ ಮುಟ್ಟುವಾಗ ಕನ್ನಡಕ, ಗ್ಲೌಸ್ ಬೇಕೇ ಬೇಕು.

ಮುಂದೆ ಪ್ಲೇಟಿನ ಬದಲು ನಿಕಲ್ ಜಾಲರಿ ಹಾಕಿ ನೋಡಬೇಕು ಅಂತಿದ್ದೇನೆ. ಗ್ಯಾಸ್ ಹುಟ್ಟಲು ಜಾಗ ಜಾಸ್ತಿ ಸಿಗುತ್ತದಲ್ವಾ? ವೋಲ್ಟೇಜ್ 1.9ಕ್ಕೆ ಬಂದರೆ ಕೆ.ಜಿ.ಗೆ 50 ಯೂನಿಟ್ ಹತ್ತಿರ ಹೋಗಬಹುದು.