ಮೇಪಲ್ ಸಿರಪ್ ಒಲೆಗೆ ಇನ್ಸುಲೇಷನ್: ಯಾವುದನ್ನ ಎಲ್ಲಿ ಹಾಕ್ಬೇಕು

ಮಂಡ್ಯ ಕಡೆ ಆಲೆಮನೆ ನೋಡಿರೋರಿಗೆ ಗೊತ್ತಿರತ್ತೆ, ಕೊಪ್ಪರಿಗೆ ಕೆಳಗಿನ ಒಲೆ ನೆಲದೊಳಗೆ ಇರತ್ತೆ, ಸುತ್ತ ಇರೋ ಮಣ್ಣೇ ಕಾವು ಹಿಡ್ಕೊಳತ್ತೆ. ಅಮೆರಿಕದ ವರ್ಮಾಂಟ್, ಕೆನಡಾದ ಕ್ವಿಬೆಕ್ ಕಡೆ ಮೇಪಲ್ ಮರದ ರಸ ಕಾಯಿಸಿ ಸಿರಪ್ ಮಾಡೋ ಒಲೆ ಹಂಗಲ್ಲ, ನೆಲದ ಮೇಲೆ ನಿಂತಿರೋ ಕಬ್ಬಿಣದ ಡಬ್ಬ ಅದು, ಮನೆಮಟ್ಟಿಗೆ ಮಾಡೋರು ಹಳೇ ಆಯಿಲ್ ಟ್ಯಾಂಕ್ ಕೊಯ್ದೂ ಮಾಡ್ಕೊಳ್ತಾರೆ. 1 ಲೀಟರ್ ಸಿರಪ್‌ಗೆ ಸುಮಾರು 40 ಲೀಟರ್ ರಸ ಬತ್ತಿಸ್ಬೇಕು. ಪಕ್ಕದ ತಗಡಿಂದ ಕಾವು ಆಚೆ ಹೋದ್ರೆ ಸೌದೆ ಖರ್ಚಾಗತ್ತೆ, ರಸ ಬತ್ತಲ್ಲ, ಹೊತ್ತು ಕಾದಷ್ಟೂ ಸಿರಪ್ ಕಪ್ಪಾಗತ್ತೆ.

ನಾನು ನೋಡಿದ ಒಲೆಗಳಲ್ಲಿ ಮತ್ತೆ ಮತ್ತೆ ಕಂಡ ತಪ್ಪು ಒಂದೇ, ಫೈರ್ ಬ್ರಿಕ್ (ಬೆಂಕಿ ತಡ್ಕೊಳೋ ಇಟ್ಟಿಗೆ) ಕಟ್ಟಿದ್ರೆ ಇನ್ಸುಲೇಷನ್ ಆಯ್ತು, ಅಂದ್ರೆ ಕಾವು ಆಚೆ ಹೋಗಲ್ಲ ಅನ್ಕೊಳೋದು. ಗಟ್ಟಿ ಫೈರ್ ಬ್ರಿಕ್ ಇರೋದು ಬೆಂಕಿ ಮತ್ತು ಸೌದೆ ಏಟು ತಡ್ಕೊಳೋಕೆ, ಕಾವನ್ನ ಅದು ಹೀರ್ಕೊಂಡು ನಿಧಾನಕ್ಕೆ ತಗಡಿಗೆ ದಾಟಿಸತ್ತೆ. ಕಾವು ತಡೆಯೋದು ಅದರ ಹಿಂದೆ ಇಡೋ ಸೆರಾಮಿಕ್ ಬ್ಲಾಂಕೆಟ್, ಅಂದ್ರೆ ಕಾವು ತಡ್ಕೊಳೋ ಸೆರಾಮಿಕ್ ಎಳೆಗಳ ಮೆತ್ತನೆ ಹಾಸು.

ಮೊದಲು ಅಳತೆ. ಎರಡೂ ಪಕ್ಕ 1 ಇಂಚು ಬ್ಲಾಂಕೆಟ್, 1¼ ಇಂಚಿನ ಬ್ರಿಕ್ ಅಂದ್ರೆ 4½ ಇಂಚು ಹೋಯ್ತು, 24 ಇಂಚು ಅಗಲದ ಒಲೆ ಒಳಗೆ 19½ ಆಗತ್ತೆ.

ಆಮೇಲೆ ಸಾಮಾನು. 1260 ಡಿಗ್ರಿ ಸೆಲ್ಸಿಯಸ್ ರೇಟಿಂಗ್, ಘನ ಮೀಟರಿಗೆ 128 ಕೆಜಿ ಸಾಂದ್ರತೆಯ ಬ್ಲಾಂಕೆಟ್ ತಗೊಳಿ. ಮನೆ ಗೋಡೆಗೆ ಹಾಕೋ ಗ್ಲಾಸ್ ವೂಲ್ ಮುಟ್ಲೇಬೇಡಿ, ಅಂಟು ಸುಟ್ಟು ಕುಸಿಯತ್ತೆ. ಮಾಮೂಲಿ ಸಿಮೆಂಟ್ ಆ ಕಾವಿಗೆ ಪುಡಿಯಾಗತ್ತೆ. 2½ ಇಂಚಿನ ಪೂರ್ತಿ ಬ್ರಿಕ್ ಚಿಕ್ಕ ಒಲೆಗೆ ಬೇಡ, ಅದು ಬಿಸಿಯಾಗೋಕೆ ಬಹಳ ಹೊತ್ತು ಹಿಡಿಯತ್ತೆ, ಅದಕ್ಕಿಂತ ಮುಖ್ಯವಾಗಿ ಸಂಜೆ ಬೆಂಕಿ ಆರಿದ ಮೇಲೂ ಕಾವು ಬಿಡ್ತಾನೇ ಇರತ್ತೆ, ಪ್ಯಾನಲ್ಲಿ ರಸ ಕಮ್ಮಿ ಇದ್ರೆ ತಳ ಸೀದು ಹೋಗತ್ತೆ. ಹಗುರ ಇನ್ಸುಲೇಟಿಂಗ್ ಬ್ರಿಕ್ ಕಾವು ಚೆನ್ನಾಗಿ ತಡೆಯತ್ತೆ, ಆದ್ರೆ ಸೌದೆ ತುಂಡು ಎಸೆದ್ರೆ ಮುರಿಯತ್ತೆ, ಸೌದೆ ತಾಕೋ ಜಾಗಕ್ಕೆ ಹಾಕ್ಬೇಡಿ.

ಬ್ಲಾಂಕೆಟ್ ಮುಟ್ಟೋಕ್ ಮುಂಚೆ N95 ಮಾಸ್ಕ್ ಹಾಕ್ಲೇಬೇಕು, ಎಳೆ ಶ್ವಾಸಕ್ಕೆ ಹೋಗ್ಬಾರ್ದು. ಸ್ವಲ್ಪ ದುಡ್ಡು ಜಾಸ್ತಿಯಾದ್ರೂ ದೇಹದಲ್ಲಿ ಬೇಗ ಕರಗೋ ನಮೂನೆಯ ಬಯೋ ಸಾಲ್ಯುಬಲ್ ಬ್ಲಾಂಕೆಟ್ ತಗೊಳಿ. ಹಳೇದನ್ನ ಕಿತ್ತು ಹಾಕುವಾಗ ಇನ್ನೂ ಹುಷಾರು, ವರ್ಷಗಟ್ಟಲೆ ಬೆಂದ ಬ್ಲಾಂಕೆಟ್‌ನ ಧೂಳು ಹೊಸದಕ್ಕಿಂತ ಕೆಟ್ಟದ್ದು, ನೀರು ಚಿಮುಕಿಸಿ ಕಿತ್ತರೆ ಕಮ್ಮಿ ಏಳತ್ತೆ.

ಈಗ ಜೋಡಣೆ, ಇಲ್ಲೇ ಎಲ್ರೂ ಎಡವೋದು. ತಗಡಿಗೆ ಅಂಟಿ ಬ್ಲಾಂಕೆಟ್, ಅದರ ಮುಂದೆ ಬ್ರಿಕ್. ಬ್ರಿಕ್ ಇಡುವಾಗ ಬ್ಲಾಂಕೆಟ್ ಒತ್ತಿ ಚಪ್ಪಟೆ ಮಾಡ್ಬೇಡಿ, ಎಳೆಗಳ ನಡುವಿನ ಗಾಳಿಯೇ ಕಾವು ತಡೆಯೋದು, ಒತ್ತಿದಷ್ಟೂ ಪ್ರಯೋಜನ ಕಮ್ಮಿ. ಮೂಲೆಗಳಲ್ಲಿ ಬ್ರಿಕ್ ಹಿಗ್ಗೋಕೆ ಸ್ವಲ್ಪ ಸಂದು ಬಿಡಿ, ಇಲ್ದಿದ್ರೆ ಬಿರುಕು ಬಿಡತ್ತೆ ಇಲ್ಲಾ ತಗಡನ್ನೇ ತಳ್ಳತ್ತೆ. ಬ್ರಿಕ್ ಕೂರಿಸೋಕೆ ರಿಫ್ರಾಕ್ಟರಿ ಮಾರ್ಟರ್ (ಕಾವು ತಡ್ಕೊಳೋ ಗಾರೆ) ತೆಳ್ಳಗೆ ಬಳಿದ್ರೆ ಸಾಕು, ದಪ್ಪ ಬಳಿದಷ್ಟು ಉದುರತ್ತೆ. ಹಿಂದಿನ ಇಳಿಜಾರಿಗೆ, ಅಂದ್ರೆ ಹೊಗೆ ಚಿಮಣಿ ಕಡೆ ಹೋಗೋ ಜಾಗಕ್ಕೆ, ಸೌದೆ ಏಟು ಬೀಳಲ್ಲ, ಬರೀ ಬ್ಲಾಂಕೆಟ್ ಹಾಸಿ ಮೇಲೆ ರಿಜಿಡೈಸರ್ (ಬ್ಲಾಂಕೆಟ್ ಗಟ್ಟಿ ಮಾಡೋ ದ್ರಾವಣ) ಸಿಂಪಡಿಸಿ. ಪ್ಯಾನ್ ಕೂರೋ ಅಂಚಿಗೂ ಬ್ಲಾಂಕೆಟ್ ಪಟ್ಟಿ ಕೊಡಿ, ಸಂದಿಂದ ಹೊಗೆ ಬರಲ್ಲ, ಆದ್ರೆ ಬೆಂಕಿ ತಾಗೋ ಪ್ಯಾನ್ ತಳಕ್ಕೆ ಅದು ಚಾಚ್ಬಾರ್ದು. ಬೂದಿ ಬೀಳೋ ಜಾಲರಿ ಕೆಳಗೂ ಏನೂ ಹಾಕ್ಬೇಡಿ, ಗಾಳಿ ಅಲ್ಲಿಂದಲೇ ಬರ್ಬೇಕು.

ಇದನ್ನೆಲ್ಲ ಅಕ್ಟೋಬರ್ ಒಳಗೆ ಮುಗಿಸಿ. ಹಸಿ ಮಾರ್ಟರ್ ಹೆಪ್ಪುಗಟ್ಟಿದ್ರೆ ಕೆಟ್ಟೋಯ್ತು, ಫೆಬ್ರವರಿ ಕೊನೆಗೆ ರಸ ಇಳಿಯೋ ಹೊತ್ತಿಗೆ ರಾತ್ರಿ ಹೆಪ್ಪುಗಟ್ಟೋ ಚಳಿ ಇರತ್ತೆ. ಮಾರ್ಟರ್ ಡಬ್ಬದ ಮೇಲೆ ಹೇಳಿದಷ್ಟು ಒಣಗಿಸಿ, ಆಮೇಲೆ ಪ್ಯಾನ್ ತುಂಬ ಬರೀ ನೀರಿಟ್ಟು ಚಿಕ್ಕ ಚಿಕ್ಕ ಪುಳ್ಳೆ ಹಾಕಿ ಎರಡು ಮೂರು ಗಂಟೆ ಸಣ್ಣ ಬೆಂಕಿ ಮಾಡಿ, ಆರೋಕೆ ಬಿಡಿ, ಮಾರನೇ ದಿನ ಸ್ವಲ್ಪ ಜೋರು. ಮೊದಲನೇ ದಿನವೇ ಭರ್ತಿ ಸೌದೆ ಹಾಕಿದ್ರೆ ಒಳಗಿನ ತೇವ ಆವಿಯಾಗಿ ಮಾರ್ಟರ್ ಸಿಡಿಯತ್ತೆ.