24 ಪಿಕ್ಸೆಲಿನಲ್ಲಿ ಒಂದು ಅಡಿಕೆ

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಕಳೆದ ಕೊಯ್ಲಿನ ಹೊತ್ತಿಗೆ ಅಡಿಕೆ ಕೃಷಿಕರ ಮೊಬೈಲ್ ಆಪ್‌ಗೆ ಐಕಾನ್ ಮಾಡುವ ಕೆಲಸ ಸಿಕ್ಕಿತು. ಧಾರಣೆ, ಮದ್ದು, ಕೊಯ್ಲು, ಲೆಕ್ಕ, ಎಲ್ಲಕ್ಕೂ ಒಂದೊಂದು ಚಿತ್ರ. ಫ್ಲಾಟ್ ಶೈಲಿ ಇರಲಿ ಎಂದು ನಾನೇ ಹೇಳಿದೆ. ನೆರಳಿಲ್ಲ, ಹೊಳಪಿಲ್ಲ, ಎರಡೇ ಬಣ್ಣ. 2013ರಲ್ಲಿ ಐಫೋನಿನ ಐಒಎಸ್ 7 ಇದೇ ಶೈಲಿಯಲ್ಲಿ ಬಂದ ಮೇಲೆ ಕಣ್ಣು ಅದಕ್ಕೇ ಒಗ್ಗಿದೆ ಅಲ್ವಾ?

ಮೊದಲು ಅಡಿಕೆ. 24 ಪಿಕ್ಸೆಲಿನ ಚೌಕ, ಸುತ್ತ 2 ಪಿಕ್ಸೆಲ್ ಬಿಟ್ಟರೆ ಉಳಿಯುವುದು 20. ಅದರೊಳಗೆ ಹಳದಿ ಬಣ್ಣದ ಉರುಟು ಆಕಾರ ಬಿಡಿಸಿ ಪಕ್ಕದ ಮನೆ ಮಾವನಿಗೆ ತೋರಿಸಿದೆ. “ಇದು ಎಂತ, ಲಿಂಬೆಹುಳಿಯಾ?” ಎಂದರು. ಮತ್ತೆ ಸೀಳಿದ ಅಡಿಕೆ ಬಿಡಿಸಿದೆ, ಒಳಗಿನ ಕಂದು ಗೆರೆಗಳ ಸಮೇತ. ಕಂಪ್ಯೂಟರಿನಲ್ಲಿ ಚೆಂದ ಇತ್ತು. ಫೋನಿನಲ್ಲಿ ಗೆರೆಗಳೆಲ್ಲ ಕೊಳೆಯಂತೆ ಕಂಡವು. ಗೆರೆ ತೆಗೆದರೆ ಕಣ್ಣುಗುಡ್ಡೆ! ಮೂರು ದಿನ ಹೀಗೇ ಹೋಯಿತು.

ಕೊನೆಗೆ ಅಂಗಳದಿಂದ ಒಂದು ಹಣ್ಣಡಿಕೆ ತಂದು ಮೇಜಿನ ಮೇಲಿಟ್ಟೆ. ಆಗ ಕಂಡದ್ದು ತೊಟ್ಟು. ತಲೆಗೆ ಟೊಪ್ಪಿ ಇಟ್ಟ ಹಾಗೆ ಕೂತಿತ್ತು. ಅದನ್ನು ಸ್ವಲ್ಪ ದೊಡ್ಡದು ಮಾಡಿ, ಕಾಯಿಗೂ ತೊಟ್ಟಿಗೂ ನಡುವೆ 1 ಪಿಕ್ಸೆಲ್ ಸಂದು ಬಿಟ್ಟೆ. ಬಣ್ಣವೆಲ್ಲ ತೆಗೆದು ಬರೀ ಕಪ್ಪು ತುಂಬಿ ತೋರಿಸಿದರೂ ಮಾವ ತಡವರಿಸದೆ “ಅಡಿಕೆ” ಎಂದರು. ಈಗ ಯಾವ ಐಕಾನ್ ಆದರೂ ಮೊದಲು ಕಪ್ಪು ತುಂಬಿಯೇ ನೋಡುತ್ತೇನೆ. ಫ್ಲಾಟ್‌ನಲ್ಲಿ ಗುರುತು ಹಿಡಿಯಲು ಇರುವುದು ಹೊರಗಿನ ಆಕಾರ ಒಂದೇ.

ಮದ್ದಿನ ಐಕಾನಿಗೆ ಬಾಟಲಿ, ಮೇಲೊಂದು ಪ್ಲಸ್ ಹಾಕಿದ್ದೆ. ಅಮ್ಮ ಅದನ್ನು ಆಸ್ಪತ್ರೆ ಎಂದುಕೊಂಡರು. ಇಲ್ಲಿ ಮದ್ದು ಬಿಡುವುದು ಎಂದರೆ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವುದು. ಹಾಗಾಗಿ ಓರೆಯಾಗಿ ಒಂದು ದೋಟಿ (ಉದ್ದ ಕೋಲು), ತುದಿಯಲ್ಲಿ ಮೂರು ಹನಿ.

ಬಣ್ಣದಲ್ಲೂ ಎಡವಿದೆ. ಹಣ್ಣಡಿಕೆಯ ಕೇಸರಿ ಬಿಳಿ ಮೇಲೆ ಚೆಂದ, ಆದರೆ ಬಿಸಿಲಿಗೆ ಹೋದರೆ ಮಾಯ. ಎಲ್ಲರಿಗೂ ಬಳಸಲು ಸುಲಭವಾಗಲಿ ಎಂದು ಮಾಡಿದ ವೆಬ್ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.1 ಪ್ರಕಾರ ಇಂಥ ಚಿತ್ರಕ್ಕೂ ಹಿನ್ನೆಲೆಗೂ ಕನಿಷ್ಠ 3:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಬೇಕು. ನನ್ನದು 2ರ ಆಸುಪಾಸಿನಲ್ಲಿತ್ತು. ಕೇಸರಿಯನ್ನು ಕಂದಿನ ಕಡೆಗೆ ಎಳೆದೆ.

ಇಷ್ಟಾದರೂ ಅಮ್ಮ ಸುಮ್ನೆ ನೋಡುತ್ತಾ ಕೂತರು. “ಚಿತ್ರ ಚೆಂದ ಇದೆ, ಒತ್ತುವುದು ಎಲ್ಲಿ?” ನೆರಳಿಲ್ಲದ ಚಿತ್ರ ಬಟನ್ ಎಂದು ಗೊತ್ತಾಗುವುದು ಹೇಗೆ? ಪ್ರತಿಯೊಂದರ ಹಿಂದೆ ತಿಳಿ ಬಣ್ಣದ ಚೌಕ ಇಟ್ಟೆ, ಬೆರಳಿಗೆ ಸಿಗುವ ಜಾಗ 48 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆ) ಮಾಡಿದೆ, ಕೆಳಗೆ ಹೆಸರು ಬರೆದೆ. ನಮ್ಮೂರಲ್ಲಿ ಕನ್ನಡ, ಮಲಯಾಳ ಎರಡೂ ಬೇಕು. ‘ಮದ್ದು’ವಿನ ಒತ್ತಕ್ಷರ ಅಡಿಯಲ್ಲಿ ಕತ್ತರಿಸಿಹೋಗುತ್ತಿತ್ತು. ಸಾಲಿನ ಎತ್ತರ ಹೆಚ್ಚಿಸಿದ ಮೇಲೆ ಸರಿಹೋಯಿತು.

ಈಗ ಒಳ್ಳೆಮೆಣಸಿನ ಗೊಂಚಲು ಬಿಡಿಸುತ್ತಿದ್ದೇನೆ. ಒಂಬತ್ತು ಕಾಳು ಇಟ್ಟಿದ್ದೆ, ಜಾಸ್ತಿಯಾಯಿತು. ಐದಕ್ಕೆ ಇಳಿಸಿದ್ದೇನೆ, ಮಾವನಿಗೆ ಇನ್ನೂ ತೋರಿಸಿಲ್ಲ.