ಬೆಳಗಿನ ನೈಂಟಿ

ಮೋಟಾರ್ ಸುಟ್ಟುಕೊಂಡು ಅಂಗಡಿಗೆ ತರುವವರೆಲ್ಲ ಹೇಳುವುದು ಒಂದೇ ಮಾತು. "ನಿನ್ನೆವರೆಗೂ ಚೆನ್ನಾಗೇ ಓಡ್ತಿತ್ತು ಮಾರಾಯ್ರೆ." ಆನಂದಪುರದ ಕಡೆ ಇಪ್ಪತ್ತೆರಡು ವರ್ಷದಿಂದ ಪಂಪ್‌ಸೆಟ್ ವೈಂಡಿಂಗ್ ಮಾಡುತ್ತಿದ್ದೇನೆ, ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಿಚ್ಚಿ ನೋಡಿದರೆ ಒಳಗೆ ತಂತಿ ಕರಕಲು. ಅದೇನು ನಿನ್ನೆ ಒಂದೇ ದಿನ ಸುಟ್ಟಿದ್ದಲ್ಲ, ಬೇಸಿಗೆ ಪೂರ್ತಿ ವೋಲ್ಟೇಜ್ ಇಲ್ಲದೆ ಮುಲುಕುತ್ತಾ ಓಡಿ, ಬಿಸಿಯಾಗಿ ಆರಿ, ಮತ್ತೆ ಬಿಸಿಯಾಗಿ ಹೋಗಿದ್ದು. 2020ರ ಏಪ್ರಿಲ್‌ನಲ್ಲಿ ಶಿವಮೊಗ್ಗದ ಆಸ್ಪತ್ರೆಯ ಮಂಚದ ಮೇಲೆ ಕೂತು ನಾನು ಡಾಕ್ಟರಿಗೆ ಹೇಳಿದ್ದೂ ಅದನ್ನೇ. "ಮೊನ್ನೆವರೆಗೂ ಚೆನ್ನಾಗೇ ಇದ್ದೆ ಸಾರ್."

ಕುಡಿತ ಬಿಟ್ಟ ಕತೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ಅದಕ್ಕೂ ಮುಂಚಿನದು. ಜಾಸ್ತಿ ಕುಡಿಯುವುದು ಯಾವಾಗ ಕಾಯಿಲೆಯಾಯಿತು, ಅದು ನನಗೆ ಹೇಗೆ ಗೊತ್ತಾಯಿತು, ಗೊತ್ತಾಗಲು ಯಾಕೆ ಅಷ್ಟು ವರ್ಷ ಬೇಕಾಯಿತು ಅನ್ನೋದು.

ತಡವಾಗಿದ್ದಕ್ಕೆ ದೊಡ್ಡ ಕಾರಣ ಅಯ್ಯಪ್ಪ ಮಾಲೆ. ಸ್ವಾಮಿಯದೇನೂ ತಪ್ಪಿಲ್ಲ, ನಾನು ಅದನ್ನು ಬಳಸಿಕೊಂಡ ರೀತಿ ತಪ್ಪು. 2006ರಿಂದ ಮಾಲೆ ಹಾಕುತ್ತಿದ್ದೆ. ಹಾಕಿದರೆ 41 ದಿನ ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ. ಕೈ ನಡುಗಲಿಲ್ಲ, ನಿದ್ದೆ ಕೆಡಲಿಲ್ಲ, ತಣ್ಣೀರು ಸ್ನಾನ ಮಾಡಿ ಆರಾಮಾಗಿ ಇರುತ್ತಿದ್ದೆ. ಹಾಗಾಗಿ ಹೆಂಡತಿ "ಜಾಸ್ತಿ ಆಯ್ತು ರೀ ನಿಮ್ದು" ಎಂದಾಗಲೆಲ್ಲ ನನ್ನ ಬಳಿ ಉತ್ತರ ತಯಾರಿತ್ತು. ಮಂಡಲ ಪೂರ್ತಿ ಬಿಟ್ಟಿರುವವನು ಕುಡುಕ ಹೇಗಾಗ್ತಾನೆ? ಬೇಡ ಅಂದ್ರೆ ನಾಳೆಯೇ ಬಿಡ್ತೀನಿ!

ಮಲೆನಾಡಿನಲ್ಲಿ ಈ ಮಾತು ಹೇಳದ ಗಂಡಸು ಕಡಿಮೆ. ಹೇಳುವಾಗ ಅದು ನಿಜವೂ ಆಗಿರುತ್ತದೆ, ಅದೇ ತೊಂದರೆ. ಆದರೆ ನನ್ನ ಮಾಲೆಯ ದಿನಗಳು ಏನಾದವು ಅಂತ ಈಗ ನೋಡಿದರೆ ನಗು ಬರುತ್ತದೆ. ಒಂದು ವರ್ಷ "ಕೆಲಸ ಜಾಸ್ತಿ" ಎಂದು 18 ದಿನಕ್ಕೆ ಇಳಿಸಿದೆ. ಆಮೇಲೆ 9 ದಿನ. 2018ರಲ್ಲಿ 3 ದಿನ, ಅದೂ ವಾಪಸ್ ಬರುವ ದಾರಿಗೆ ಅಂತ ಗಾಡಿಯ ಸೀಟಿನಡಿ ಕ್ವಾರ್ಟರ್ ಇಟ್ಟುಕೊಂಡೇ ಹೊರಟಿದ್ದು. 2019ರಲ್ಲಿ ಹಾಕಲೇ ಇಲ್ಲ. ಮಂಡಿ ನೋವು ಎಂದೆ. ಬಿಡುವ ದಿನ ಕಡಿಮೆಯಾಗುತ್ತಾ ಬಂದದ್ದು ಎಲ್ಲರಿಗೂ ಕಂಡಿತ್ತು, ಅರ್ಥ ಯಾರಿಗೂ ಆಗಲಿಲ್ಲ, ನನಗೂ.

ಇನ್ನೊಂದು ಅಡ್ಡಿ ನಮ್ಮೂರಿನವನೇ ಒಬ್ಬ, ಬಸ್‌ಸ್ಟ್ಯಾಂಡ್ ಕಟ್ಟೆಯ ಮೇಲೆ ಮಲಗುತ್ತಿದ್ದವನು. ಕುಡುಕ ಅಂದರೆ ಅವನು, ಅಲ್ವಾ. ನನಗೆ ಅಂಗಡಿ ಇದೆ, ಕೈಕೆಳಗೆ ಒಬ್ಬ ಹುಡುಗ ಇದ್ದಾನೆ, ಮಗಳ ಫೀಸು ಒಂದು ಸಲವೂ ತಪ್ಪಿಲ್ಲ. 2007ರಲ್ಲಿ ಸಾರಾಯಿ ನಿಂತ ಮೇಲೆ ಪ್ಯಾಕೆಟ್‌ ಕುಡಿಯುತ್ತಿದ್ದವರೂ ಬಾರಿಗೇ ಬರತೊಡಗಿದರು, ಆಗಲೂ ನಾವು ಮೂಲೆಯ ಟೇಬಲ್ಲಿನವರು ಅವರನ್ನು ನೋಡಿ ತಲೆಯಾಡಿಸುತ್ತಿದ್ದೆವು. ಮೇಲೆ ಲಿವರ್ ಟೆಸ್ಟ್ ರಿಪೋರ್ಟು ಬೇರೆ. 2018ರಲ್ಲಿ ಮಾಡಿಸಿದ್ದು, ಎಲ್ಲ ನಾರ್ಮಲ್. ಆ ಹಾಳೆಯನ್ನು ಲ್ಯಾಮಿನೇಶನ್ ಒಂದು ಮಾಡಿಸಿರಲಿಲ್ಲ ಅಷ್ಟೇ, ಬಂದವರಿಗೆಲ್ಲ ತೋರಿಸುತ್ತಿದ್ದೆ. ಲಿವರ್ ಚೆನ್ನಾಗಿದ್ದೂ ಕುಡಿತಕ್ಕೆ ಸಿಕ್ಕಿಬಿದ್ದಿರಬಹುದು, ಆ ಪರೀಕ್ಷೆ ಚಟವನ್ನು ಅಳೆಯುವುದೇ ಇಲ್ಲ ಎಂದು ಆಮೇಲೆ ಗೊತ್ತಾಯಿತು.

ನೆಪಕ್ಕಂತೂ ಬರ ಇರಲಿಲ್ಲ. ಬೇಸಿಗೆಯಲ್ಲಿ ತೋಟಕ್ಕೆ ನೀರು ಹಾಯಿಸುವ ಕಾಲ, ದಿನಕ್ಕೆ ನಾಲ್ಕು ಮೋಟಾರ್ ಬರುತ್ತಿದ್ದವು, ದಣಿವು ಅಂತ ಕುಡಿಯುತ್ತಿದ್ದೆ. ಮಳೆಗಾಲದಲ್ಲಿ ಒಂದೂ ಬರುತ್ತಿರಲಿಲ್ಲ, ಜಿರಾಪತಿ ಮಳೆ ನೋಡುತ್ತಾ ಬೇಜಾರು ಅಂತ ಕುಡಿಯುತ್ತಿದ್ದೆ. ವರ್ಷದ ಹನ್ನೆರಡು ತಿಂಗಳಿಗೂ ಕಾರಣ ಸಿಕ್ಕಿತ್ತು.

ಅಳತೆಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ "ಒಂದೇ ಕ್ವಾರ್ಟರ್ ಮಾರಾಯ" ಅನ್ನುವವರು ಜಾಸ್ತಿ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂಡಿಯಲ್ಲಿ 42.8 ಪರ್ಸೆಂಟ್ ಆಲ್ಕೋಹಾಲ್ ಇರುತ್ತದೆ. 30 ಎಂಎಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಅಂದರೆ 180ರ ಕ್ವಾರ್ಟರ್‌ನಲ್ಲಿ 60 ಗ್ರಾಂ. 650 ಎಂಎಲ್‌ನ ಸ್ಟ್ರಾಂಗ್ ಬಿಯರ್ ಬಾಟಲಿ ನಾಲ್ಕು ಪೆಗ್ಗಿಗೆ ಸಮ, "ಬಿಯರ್ ಕುಡಿಯೋದು ಕುಡಿತವೇ ಅಲ್ಲ" ಅನ್ನುವವರು ಕೇಳಿಸಿಕೊಳ್ಳಿ. ನಾನು ಕೊನೆಗೆ ದಿನಕ್ಕೆ ಎರಡು ಕ್ವಾರ್ಟರ್, ಮೇಲೊಂದು ನೈಂಟಿಯಲ್ಲಿ (90 ಎಂಎಲ್) ಇದ್ದೆ. ಆದರೂ ತೂರಾಡುತ್ತಿರಲಿಲ್ಲ. "ಎಷ್ಟು ಕುಡಿದ್ರೂ ಸ್ಟಡಿ" ಅಂತ ಊರಲ್ಲಿ ಹೆಸರು. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು. ಮೊದಲು ಎರಡು ಪೆಗ್ಗಿಗೆ ಸಿಗುತ್ತಿದ್ದದ್ದು ಈಗ ಎಂಟಕ್ಕೂ ಸಿಗುತ್ತಿಲ್ಲ ಅನ್ನೋದೇ ಒಂದು ಲಕ್ಷಣ ಎಂದು ಯಾರಿಗೆ ಗೊತ್ತು.

ಈಗ ಆ ನೈಂಟಿ ವಿಷಯ.

2019ರ ಫೆಬ್ರವರಿ, ಬೆಳಗ್ಗೆ ಒಂಬತ್ತೂವರೆ ಇರಬಹುದು. ಐದು ಎಚ್‌ಪಿ ಮೋಟಾರ್, 36 ಸ್ಲಾಟ್, ಅಂದರೆ ತಂತಿ ಕೂರಿಸುವ ಸೀಳುಗಳು. ಸುರುಳಿ ಸುತ್ತಿ ಇಟ್ಟಿದ್ದೆ, ಅದನ್ನು ಸ್ಲಾಟಿಗೆ ಇಳಿಸಬೇಕು. ಸ್ಲಾಟಿನ ಬಾಯಿ ಕಿರಿದು, ಒಳಗೆ ಕಾಗದ ಹಾಸಿರುತ್ತೇವೆ, ತಂತಿಗಳನ್ನು ಎರಡೆರಡೇ ಬೆರಳಲ್ಲಿ ಚಪ್ಪಟೆ ಮಾಡಿಕೊಂಡು ಒಳಗೆ ಜಾರಿಸಬೇಕು. ಕಬ್ಬಿಣದ ಅಂಚಿಗೆ ತಾಗಿದರೆ ತಂತಿ ಮೇಲಿನ ಎನಾಮೆಲ್ ಕೆರೆದುಹೋಗುತ್ತದೆ, ಆಮೇಲೆ ಶಾರ್ಟ್. ನಿದ್ದೆಗಣ್ಣಲ್ಲೂ ಮಾಡುವ ಕೆಲಸ ನನಗದು. ಅವತ್ತು ತಂತಿ ಹೋಗಲೇ ಇಲ್ಲ. ಮೂರು ಸಲ ಅಂಚಿಗೆ ಬಡಿಯಿತು. ಬೆರಳು ಸಣ್ಣಗೆ ನಡುಗುತ್ತಿದ್ದವು, ಮಳೆಯಲ್ಲಿ ನೆನೆದ ಕೋಳಿಮರಿ ಥರ. ಹುಡುಗ ನೋಡಿದ. "ಅಣ್ಣ, ನಾ ಹಾಕ್ಲಾ?" ಎಂದ.

ಎದ್ದು ಹಿಂದಿನ ಕೋಣೆಗೆ ಹೋದೆ. ವಾರ್ನಿಶ್ ಡಬ್ಬಿಗಳ ಹಿಂದೆ ರಾತ್ರಿಗೆಂದು ಇಟ್ಟಿದ್ದ 90ರ ಟೆಟ್ರಾ ಪ್ಯಾಕ್ ಇತ್ತು. ನೀರೂ ಹಾಕದೆ ಕುಡಿದೆ. ವಾರ್ನಿಶ್ ವಾಸನೆಯಲ್ಲಿ ಬೇರೆ ವಾಸನೆ ಗೊತ್ತಾಗುವುದಿಲ್ಲ, ಈ ಕಸುಬಿನ ಅನುಕೂಲ ಅದು. ಹತ್ತು ಹದಿನೈದು ನಿಮಿಷ ಬಿಟ್ಟು ಬಂದು ಕೂತೆ. ಕೈ ಕಲ್ಲಿನ ಹಾಗೆ ನಿಂತಿತ್ತು. ಮಧ್ಯಾಹ್ನದೊಳಗೆ ಅಷ್ಟೂ ಸುರುಳಿ ಇಳಿಸಿ, ಬಿದಿರು ಕಡ್ಡಿ ಬಡಿದು ಮುಗಿಸಿದೆ. ಎಷ್ಟು ಖುಷಿಯಾಯಿತು ಅಂದರೆ, ಔಷಧಿಯೇ ಸಿಕ್ಕಿದಂತಾಯಿತು. ಮಾರನೆಯ ದಿನದಿಂದ ಅದು ಲೆಕ್ಕದಲ್ಲೇ ಸೇರಿತು. ನಡುಗಿದ್ದು ನನಗೆ ಕಂಡಿತ್ತು, ವಯಸ್ಸು, ಬಿಪಿ, ಎಂತದೋ ಒಂದು ಎಂದುಕೊಂಡೆ. ಕುಡಿದ ಮೇಲೆ ನಿಂತಿತಲ್ಲ, ಅದರ ಬಗ್ಗೆ ಯೋಚನೆಯೇ ಮಾಡಲಿಲ್ಲ. ಬಿಪಿಯ ನಡುಕ ಬ್ರಾಂಡಿಗೆ ನಿಲ್ಲುತ್ತದಾ?

ಆ ವರ್ಷ ದೀಪಾವಳಿ ಮುಗಿದ ಮೇಲೆ ಭಾವ ಒಂದು ಪಂದ್ಯ ಕಟ್ಟಿದ. ಅವನೂ ಕುಡಿಯುತ್ತಾನೆ, ತಿಂಗಳಿಗೆ ಎರಡು ಸಲ. "ಬಿಡೋದು ಬೇಡ ನೀನು. ಒಂದು ತಿಂಗಳು ದಿನಾ ಕುಡಿ, ಎರಡೇ ಪೆಗ್ಗು. ಮೂರನೇದು ಮುಟ್ಟಬಾರ್ದು. ನೋಡನ." ನಾನು ನಕ್ಕೆ. ಇದು ಪಂದ್ಯವಾ? ಮೋಟಾರ್ ಬರೆದುಕೊಳ್ಳುವ ರಿಜಿಸ್ಟರ್‌ನ ಕೊನೆಯ ಪುಟದಲ್ಲಿ ತಾರೀಕು ಹಾಕಿ ಬರೆಯತೊಡಗಿದೆ. ಮೊದಲ ನಾಲ್ಕು ದಿನ 2, 2, 2, 2. ಐದನೇ ದಿನ 5. ಆಮೇಲೆ ಒಂದು 2. ಆಮೇಲೆ 7, ಪಕ್ಕದಲ್ಲಿ "ಮದುವೆ ಊಟ" ಅಂತ ಕಾರಣ. ಹದಿನೈದನೇ ದಿನದಿಂದ ಅಂಕೆಯೇ ಇಲ್ಲ, ಬರೀ ಗೀಟು. 30ರಲ್ಲಿ ಎರಡಕ್ಕೆ ನಿಂತದ್ದು 7 ದಿನ. ಆ ಏಳು ದಿನವೂ ಹೇಗಿದ್ದೆ ಅಂದರೆ, ಎರಡನೇ ಪೆಗ್ಗು ಮುಗಿದ ಮೇಲೆ ಟಿವಿ ಕಾಣುತ್ತಿರಲಿಲ್ಲ, ಊಟ ರುಚಿಸುತ್ತಿರಲಿಲ್ಲ, ಯಾರು ಮಾತಾಡಿಸಿದರೂ ರೇಗುತ್ತಿದ್ದೆ.

ಭಾವನಿಗೆ ಡಾಕ್ಟರ ಓದಿಲ್ಲ, ಏನಿಲ್ಲ. ಆದರೆ ಸರಿಯಾದ ಪರೀಕ್ಷೆ ಅವನದ್ದು. "ಬಿಟ್ಟಿರೋಕೆ ಆಗತ್ತಾ" ಅಂತಲೇ ನಾನು ಹನ್ನೆರಡು ವರ್ಷ ನನ್ನನ್ನು ಕೇಳಿಕೊಂಡೆ, ಆಗುತ್ತಿತ್ತು, ಪಾಸಾದೆ. "ಶುರು ಮಾಡಿದ ಮೇಲೆ ನಿಲ್ಲಿಸೋಕೆ ಆಗತ್ತಾ" ಅಂತ ಕೇಳಿಕೊಂಡಿದ್ದರೆ ಎಷ್ಟೋ ವರ್ಷದ ಹಿಂದೆಯೇ ಫೇಲಾಗುತ್ತಿದ್ದೆ. ಆ ಪುಟ ಹರಿದು ಬಿಸಾಡಲಿಲ್ಲ, ಯಾಕೋ ಗೊತ್ತಿಲ್ಲ. ಪಂದ್ಯದ ದುಡ್ಡನ್ನು ಮಾತ್ರ ಕೊಡಲಿಲ್ಲ.

2020ರ ಮಾರ್ಚ್ 25ಕ್ಕೆ ದೇಶವೇ ಬಂದ್ ಆಯಿತು. ಮನೆಯಲ್ಲಿದ್ದದ್ದು, ಕದ್ದುಮುಚ್ಚಿ ನಾಲ್ಕು ಪಟ್ಟು ದುಡ್ಡಿಗೆ ಸಿಕ್ಕಿದ್ದು ಎಲ್ಲ ಸೇರಿ ಏಪ್ರಿಲ್ ಮೊದಲ ವಾರದ ತನಕ ಬಂತು. ಆಮೇಲೆ ಖಾಲಿ. ಮಾಲೆ ಹಾಕಿದ ಹಾಗೆ ಎಂದುಕೊಂಡೆ. ಮೊದಲ ದಿನ ಬೆವರು, ನಡುಕ, ವಾಕರಿಕೆ. ಎರಡನೇ ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರನೇ ರಾತ್ರಿ ಗೋಡೆಯ ಬಿರುಕಿನಿಂದ ತಾಮ್ರದ ತಂತಿ ಹೊರಗೆ ಬರತೊಡಗಿತು, ಸಣ್ಣದು, ಹೊಳೆಯುತ್ತಾ, ಹಾಸಿಗೆ ಮೇಲೆಲ್ಲ ಹರಿದಾಡಿತು. ನಾನು ಕೂತು ಸುತ್ತುತ್ತಿದ್ದೆನಂತೆ, ಎಣಿಸುತ್ತಾ. ಹೆಂಡತಿ ಭಾವನಿಗೆ ಫೋನ್ ಮಾಡಿದಳು. ಅವನ ಪಿಕಪ್‌ನಲ್ಲಿ ಕುಂಸಿ, ಆಯನೂರು ದಾಟಿ ಶಿವಮೊಗ್ಗಕ್ಕೆ ಕರೆದೊಯ್ದದ್ದು ನನಗೆ ನೆನಪಿಲ್ಲ.

ನಾಲ್ಕೈದು ದಿನದ ಮೇಲೆ ತಲೆ ತಿಳಿಯಾದಾಗ ಡಾಕ್ಟರ್ ಬಂದು ಮಂಚದ ತುದಿಯಲ್ಲಿ ಕೂತರು. ಚಿಕ್ಕ ವಯಸ್ಸಿನವರು. ಎಷ್ಟು ಕುಡಿತೀರಿ ಅಂತ ಕೇಳಲೇ ಇಲ್ಲ ಮೊದಲು. ಕಡಿಮೆ ಮಾಡಬೇಕು ಅಂತ ಯಾವಾಗಾದರೂ ಅನ್ನಿಸಿತ್ತಾ? ಯಾರಾದರೂ ಹೇಳಿದರೆ ಸಿಟ್ಟು ಬರುತ್ತಿತ್ತಾ? ಛೇ ಅನ್ನಿಸಿದ್ದಿದೆಯಾ? ಬೆಳಗ್ಗೆ ಎದ್ದು ಕೈ ನಿಲ್ಲಿಸಲು ಕುಡಿದದ್ದಿದೆಯಾ? ನಾಲ್ಕಕ್ಕೂ ಹೌದು. ಎರಡಕ್ಕೆ ಹೌದು ಅಂದರೇ ಮುಂದೆ ನೋಡಬೇಕಂತೆ. ಅವರು ಮುಂದೆ ನೋಡಿದ್ದು ಆರು ವಿಷಯ. ತಡೆಯಲಾಗದ ಆಸೆ, ಶುರುವಾದ ಮೇಲೆ ಹಿಡಿತ ಇಲ್ಲದಿರುವುದು, ಬಿಟ್ಟರೆ ನಡುಕ, ಮೊದಲಿನ ಅಳತೆ ಸಾಲದಿರುವುದು, ಬೇರೆ ಎಲ್ಲದರಲ್ಲೂ ಆಸಕ್ತಿ ಹೋಗುವುದು, ಹಾಳಾಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸುವುದು. ಒಂದು ವರ್ಷದಲ್ಲಿ ಇವುಗಳಲ್ಲಿ ಮೂರು ಒಟ್ಟಿಗೆ ಇದ್ದರೆ ಅವಲಂಬನೆ ಎನ್ನುತ್ತಾರೆ.

ಆಸಕ್ತಿಯ ಪ್ರಶ್ನೆಗೆ ನಾನು "ಇಲ್ಲ" ಎಂದೆ. ಪಕ್ಕದಲ್ಲಿ ನಿಂತಿದ್ದ ಹೆಂಡತಿ, "ಆಟ ನೋಡಿ ಎಷ್ಟು ವರ್ಷ ಆಯ್ತು ರೀ?" ಎಂದಳು. ಯಕ್ಷಗಾನ ಅಂದರೆ ನಾನು ಹತ್ತು ಮೈಲಿ ನಡೆದು ಹೋಗುತ್ತಿದ್ದವನು. ಆಮೇಲೆ ಕುಡಿದು ಹೋಗುತ್ತಿದ್ದೆ. ಆಮೇಲೆ ಪದ್ಯದ ನಡುವೆ ಎದ್ದು ಕುಡಿಯಲು ಹೋಗುತ್ತಿದ್ದೆ. ಆಮೇಲೆ, ರಾತ್ರಿಯಿಡೀ ಅಲ್ಲಿ ಎಲ್ಲಿ ಸಿಗುತ್ತದೆ ಎಂದು ಹೋಗುವುದನ್ನೇ ಬಿಟ್ಟೆ. ಅವಳು ವರ್ಷ ಎಣಿಸಿದ್ದಳು. ಆರು.

ಮಾಲೆಯ ಕತೆ ಡಾಕ್ಟರಿಗೂ ಹೇಳಿದೆ. ಅವರು ಬ್ರೇಕು ಮತ್ತು ಆಕ್ಸಿಲರೇಟರ್ ಲೆಕ್ಕದಲ್ಲಿ ತಿಳಿಸಿದರು. ಕುಡಿತ ಮೆದುಳಿಗೆ ಬ್ರೇಕು. ದಿನಾ ಬ್ರೇಕು ಒತ್ತಿಟ್ಟರೆ ಮೆದುಳು ಓಡಲು ಆಕ್ಸಿಲರೇಟರ್ ಜಾಸ್ತಿ ತುಳಿಯುವುದನ್ನು ಕಲಿಯುತ್ತದೆ. ಒಂದು ದಿನ ಫಟ್ಟನೆ ಬ್ರೇಕು ತೆಗೆದರೆ? 2006ರಲ್ಲಿ ನಿಮ್ಮ ಮೆದುಳು ಇನ್ನೂ ಕಲಿತಿರಲಿಲ್ಲ, ಈಗ ಕಲಿತಿದೆ, ಎಂದರು. ಅದಕ್ಕೇ ಬೆಳಗ್ಗೆಯೇ ಕುಡಿಯಬೇಕಾಗುವ ಸ್ಥಿತಿಗೆ ಬಂದವರು ಹಟ ಮಾಡಿ ಮನೆಯಲ್ಲೇ ಒಂದೇ ಸಲ ನಿಲ್ಲಿಸಲೇಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನ ನನ್ನ ಹಾಗೆ ಭ್ರಮೆ ಶುರುವಾಗಬಹುದು, ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸುತ್ತಾರೆ, ಬಿ1 ವಿಟಮಿನ್ ಕೊಡುತ್ತಾರೆ.

ಇಷ್ಟಾದರೂ ನಾನು ಒಪ್ಪಲಿಲ್ಲ. ಲಾಕ್‌ಡೌನ್ ಟೆನ್ಷನ್ ಎಂದೆ. ಮೇ 4ಕ್ಕೆ ಮದ್ಯದಂಗಡಿ ತೆರೆದಾಗ ಬೆಳಗ್ಗೆಯೇ ಕ್ಯೂನಲ್ಲಿ ಇದ್ದೆ. ಹೆಚ್ಚುಕಮ್ಮಿ ಒಂದು ತಿಂಗಳು ಬಿಟ್ಟಿದ್ದೇನಲ್ಲ, ಇನ್ನು ಹೊಸದಾಗಿ ಶುರು, ಎರಡೇ ಪೆಗ್ಗು. ರಿಜಿಸ್ಟರ್‌ನ ಅದೇ ಪುಟದ ಕೆಳಗೆ ಮತ್ತೆ ಬರೆದೆ. 2, 2, 3, 6... ಹನ್ನೊಂದನೇ ದಿನ ಬೆಳಗ್ಗೆ ವಾರ್ನಿಶ್ ಡಬ್ಬಿ ಸರಿಸುತ್ತಿದ್ದೆ. ಮೊದಲ ಸಲ ಆ ಡಬ್ಬಿಯ ತನಕ ಬರಲು ಹದಿನೈದು ವರ್ಷ ಹಿಡಿದಿತ್ತು. ಎರಡನೇ ಸಲ 11 ದಿನ. ಪುಟದಲ್ಲಿ ಕಣ್ಣೆದುರೇ ಇತ್ತು, ನನ್ನದೇ ಕೈಬರಹ. ಅವತ್ತು ಒಪ್ಪಿಕೊಂಡೆ. ಅಳಲಿಲ್ಲ, ಏನಿಲ್ಲ. ಹುಡುಗನ ಕೈಗೆ ಬೀಗ ಕೊಟ್ಟು ಭಾವನಿಗೆ ಫೋನ್ ಮಾಡಿದೆ.

ಆಮೇಲಿನದ್ದು ಚಿಕ್ಕದಾಗಿ. ಮತ್ತೆ ಆಸ್ಪತ್ರೆ, ಮಾತ್ರೆ, ಆಮೇಲೆ ಶಿವಮೊಗ್ಗದಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಮೀಟಿಂಗು, ಕುಡಿತ ಬಿಡಲು ಹೊರಟವರೇ ಸೇರಿ ಮಾತಾಡಿಕೊಳ್ಳುವ ಕೂಟ. 2021ರ ದೀಪಾವಳಿಗೆ ಒಂದು ಸಲ ಜಾರಿದೆ, ಎರಡು ದಿನ. ಈ ಸಲ ಮೂರನೇ ದಿನಕ್ಕೆ ಕಾಯದೆ ಡಾಕ್ಟರ ಹತ್ತಿರ ಹೋದೆ. ಶಿವಮೊಗ್ಗದ ಮೆಗ್ಗಾನ್‌ನಂಥ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ, "ಹುಚ್ಚರ ಡಾಕ್ಟರು" ಅಂತ ನಾಚಿಕೆ ಬೇಡ. ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹೆಂಗಸರಿಗೊಂದು ಮಾತು, ಗಂಡನ ಕುಡಿತ ಬಿಡಿಸುತ್ತದೆ ಅಂತ ಸಾರಿಗೆ ಬೆರೆಸುವ ಹೆಸರಿಲ್ಲದ ಪುಡಿ ತರಬೇಡಿ. ನನ್ನ ಅತ್ತೆ ತಂದಿದ್ದರು, ಪುಣ್ಯಕ್ಕೆ ಹೆಂಡತಿ ಹಾಕಲಿಲ್ಲ. ಕುಡಿತ ಬಿಡಿಸಲು ಕೊಡುವ ಕೆಲವು ಮಾತ್ರೆ ಹೊಟ್ಟೆಯಲ್ಲಿರುವಾಗ ಗೊತ್ತಿಲ್ಲದೆ ಕುಡಿದರೆ ಬಿಪಿ ಕುಸಿದು ಮನುಷ್ಯ ಅಲ್ಲೇ ಬೀಳಬಹುದು. ಪುಡಿಯಲ್ಲಿ ಏನಿದೆಯೋ ಯಾರು ಕಂಡಿದ್ದಾರೆ.

ರಿಜಿಸ್ಟರ್ ಈಗಲೂ ಅಂಗಡಿಯಲ್ಲಿದೆ. ಕೊನೆಯ ಪುಟ ಕೇಳಿದವರಿಗೆ ತೋರಿಸುತ್ತೇನೆ, ಕೇಳದವರಿಗೆ ಇಲ್ಲ. ಹೋದ ತಿಂಗಳು ಒಬ್ಬರು ಮೂರು ಎಚ್‌ಪಿ ಮೋಟಾರ್ ತಂದರು, ನನ್ನ ವಯಸ್ಸಿನವರೇ, ಬೆಳಗ್ಗೆ ಹನ್ನೊಂದು ಗಂಟೆ. ಏಲಕ್ಕಿ ಜಗಿಯುತ್ತಿದ್ದರು. ಅಡ್ವಾನ್ಸ್ ಚೀಟಿಗೆ ಸಹಿ ಚೆನ್ನಾಗೇ ಹಾಕಿದರು, ಅಕ್ಷರ ಮುತ್ತಿನ ಹಾಗೆ. ಗುರುವಾರ ರೆಡಿ ಇರ್ತದೆ, ಬೆಳಗ್ಗೆ ಏಳಕ್ಕೇ ಬನ್ನಿ, ಆಮೇಲೆ ನಾನು ಸಾಗರಕ್ಕೆ ಹೋಗ್ತೀನಿ ಎಂದೆ. ಸಾಗರದಲ್ಲಿ ನನಗೆ ಕೆಲಸವೇನೂ ಇರಲಿಲ್ಲ. ಏಳೂಕಾಲಿಗೆ ಬಂದರು. ಬಾಕಿ ದುಡ್ಡು ಎಣಿಸಲು ಹೋಗಿ ಎರಡು ಸಲ ತಪ್ಪಿದರು, ನೋಟಿನ ಕಟ್ಟನ್ನೇ ನನ್ನ ಕೈಗೆ ಕೊಟ್ಟು "ನೀವೇ ಎಣಿಸ್ಕಳ್ಳಿ" ಎಂದರು. ಎಣಿಸಿಕೊಂಡೆ. ಹುಡುಗನಿಗೆ ಎರಡು ಟೀ ತರಲು ಹೇಳಿ, ಸ್ಟೂಲು ಎಳೆದು, "ಕೂತ್ಕಳಿ, ಎಂತ ಅರ್ಜೆಂಟು" ಎಂದೆ.